ನಾನು ಕೂಗಿದ್ದು ಯಾವ ಕೇಶವನನ್ನು?

ನಿಮಗೂ ಹೀಗಾಗಿದೆಯಾ, ನಿಜ ಹೇಳಿ? ದೇವರನ್ನು ಕೂಗಿ, ಅವನು ಬಂದು, ಕಷ್ಟವೂ ಕಳೆದು, ಆಮೇಲೆ ಮುಖ ಎತ್ತಲಾರದಷ್ಟು ನಾಚಿಕೆಯಾಗಿದೆಯಾ? ನನಗಾಗಿದೆ. ಈ ಗುಂಪಿನಲ್ಲಿ ಎಲ್ಲರೂ ಕಣ್ಣೀರು ಒರೆಸಿಕೊಂಡು ಬರೆಯುತ್ತೀರಿ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆ ರೈಲ್ವೆ ಸ್ಟೇಷನ್ನು. ತುಮಕೂರಿಗೆ ನಾದಿನಿಯ ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ನಮ್ಮ ಮನೆಯವರು ಟಿಕೆಟ್ ಸಾಲಿನಲ್ಲಿದ್ದರು. ನನ್ನ ಒಂದು ಕೈಯಲ್ಲಿ ಕೊಬ್ಬರಿ ಚೀಲ, ಇನ್ನೊಂದರಲ್ಲಿ ನಾಲ್ಕು ವರ್ಷದ ಮಗ ಪುಟ್ಟು. ಚೀಲದ ಬಾಯಿ ಬಿಚ್ಚಿಕೊಂಡು ಕೊಬ್ಬರಿ ಗಿಟುಕುಗಳು ಪ್ಲಾಟ್‌ಫಾರಂ ತುಂಬ ಉರುಳಿದವು. ಬಗ್ಗಿ ಆರಿಸಿಕೊಂಡು ಎದ್ದು ನೋಡಿದರೆ ಮಗು ಇಲ್ಲ.

ಬೆಂಚಿನ ಕೆಳಗೆ ನೋಡಿದೆ, ನಲ್ಲಿಯ ಹತ್ತಿರ ನೋಡಿದೆ, ಮೂಟೆಗಳ ಹಿಂದೆ ನೋಡಿದೆ. ಅತ್ತ ಕಡೆ ಬೀರೂರಿಗೆ ಹೋಗುವ ರೈಲು ನಿಂತಿತ್ತು, ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮನೆಯವರು ಓಡಿ ಬಂದರು.

"ಕೊಬ್ರಿ ಆರ್ಸಾಕೋಗಿ ಮಗೀನ ಬಿಟ್ಯಾ? ಹೋಗು, ಮೈಕಲ್ಲಿ ಹೇಳ್ಸು. ನಾನು ಬಸ್ ಸ್ಟ್ಯಾಂಡ್ ಕಡೆ ನೋಡ್ತೀನಿ."

ಓಡಿದೆ. ಬಾಯಲ್ಲಿ ಒಂದೇ ಹೆಸರು. ಕೇಶವಾ, ಕೇಶವಾ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಲೇಬೇಕು. ನನ್ನ ತವರು ಮಾದಿಹಳ್ಳಿ. ಬೇಲೂರಿನ ಚೆನ್ನಕೇಶವ ತವರಿನ ಮನೆದೇವರು. "ದಾರಿ ತಪ್ಪುದ್ರೆ ಕೇಶವಾ ಅಂತ ಕೂಗವ್ವ, ಓಡ್ ಬತ್ತಾನೆ" ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ಒಂದು ಸಲ ದೇವಸ್ಥಾನದ ಜನಜಂಗುಳಿಯಲ್ಲಿ ತಪ್ಪಿಸಿಕೊಂಡೆ. ಕಂಬ ತಬ್ಬಿಕೊಂಡು ಕೂಗಿದೆ. ಬಂದವನು ಪಕ್ಕದ ಮನೆಯ ಹುಡುಗ ಕೇಶವ, ಬಾಯಿ ತುಂಬ ಪುಳಿಯೋಗರೆ.

"ಅದ್ಯಾಕಂಗ್ ಬಡ್ಕತೀಯಾ? ಇಲ್ಲೇ ಇವ್ನಿ ಕಣೇ."

"ನಿನ್ನ ಯಾರ್ ಕರುದ್ರು? ನಾನ್ ಕರುದ್ದು ದೇವ್ರುನ್ನ."

"ದೇವ್ರಿಗೆ ಮಂಗ್ಳಾರ್ತಿ ನಡೀತೈತೆ, ನನ್ನ ಕಳ್ಸವ್ನೆ. ಬಾ."

ಹಳೇಬೀಡಿನ ಹೈಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವನು ಕಿಟಕಿಯಿಂದ ಪುಸ್ತಕದ ಚೀಲ ತೂರಿ ನನಗೆ ಸೀಟು ಹಿಡಿದು, ತಾನು ನಿಂತೇ ಬರುತ್ತಿದ್ದ. ಅಷ್ಟೇ ನಮ್ಮ ಪ್ರೀತಿ. ಅವನೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಜಾತಿ ಬೇರೆ. ನನ್ನನ್ನು ಅರಸೀಕೆರೆಗೆ ಕೊಟ್ಟರು. ಆಮೇಲೆ ದೇವರ ಮುಂದೆ ಕೂತು ಕೇಶವಾ ಅನ್ನುವಾಗಲೆಲ್ಲ ಒಂದು ಗಳಿಗೆ ಆ ಬಸ್ಸಿನ ಕಿಟಕಿ ಕಣ್ಣಿಗೆ ಬರುತ್ತಿತ್ತು. ಕೆನ್ನೆ ಬಡಿದುಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಸ್ಟೇಷನ್ನಿನ ಕೋಣೆಯಲ್ಲಿ ಮೈಕಿನವರು ಕೇಳಿದರು: "ಮಗು ಹೆಸರೇನಮ್ಮಾ? ಬಟ್ಟೆ?"

"ಪುಟ್ಟು. ಕೆಂಪಂಗಿ."

"ತಂದೆ ಹೆಸರು?"

ನಮ್ಮಲ್ಲಿ ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಅನ್ನುತ್ತಾರೆ. ಜನಗಣತಿಯವರು ಬಂದರೂ ಪಕ್ಕದ ಮನೆಯವರನ್ನು ಕರೆದು ಹೇಳಿಸುವವಳು ನಾನು.

"ಬೇಗ ಹೇಳಮ್ಮಾ, ರೈಲು ಹೊರಡ್ತದೆ!"

"ಕೇಶವ" ಅಂದೆ.

ಇಡೀ ಸ್ಟೇಷನ್ನಿಗೆ ಕೇಳಿತು: ಕೇಶವ ಅವರ ಮಗ, ನಾಲ್ಕು ವರ್ಷದ ಪುಟ್ಟು, ಕೆಂಪು ಅಂಗಿ. ಆಗ ಗೊತ್ತಾಯಿತು ನಾನೇನು ಹೇಳಿದ್ದೇನೆ ಅಂತ. ತಿದ್ದಲು ಬಾಯಿ ತೆಗೆಯುವಷ್ಟರಲ್ಲಿ ಬೀರೂರಿನ ರೈಲು ಕೂಗಿ ಹೊರಟೇಬಿಟ್ಟಿತು. ಅದರ ಹಿಂದೆ ಓಡಲು ತಿರುಗಿದೆ.

ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತಾ ಬಂದರು. ಹೆಗಲ ಮೇಲೆ ಪುಟ್ಟು. ಹೊತ್ತುಕೊಂಡು ಬಂದವನು ಕೇಶವ. ಅದೇ ಕೇಶವ. ಮೀಸೆ ಬಂದಿತ್ತು, ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದವನು ಕಲ್ಲಿನಂತೆ ನಿಂತ.

ಮೈಕಿನವರು ಅವನ ಮೇಲೇ ಹರಿಹಾಯ್ದರು. "ಏನ್ರೀ ಕೇಶವ ಅವ್ರೇ, ಹೆಂಡ್ತಿ ಮಗೂನ ಹಿಂಗಾ ಬಿಟ್ಟೋಗೋದು?"

"ತಪ್ಪಾಯ್ತು ಸಾ" ಅಂದ ಅವನು.

ಹಿಂದೆಯೇ ನಮ್ಮ ಮನೆಯವರು. "ನಾನ್ ಕಣ್ರೀ ಇವನಪ್ಪ" ಅಂದು ಮಗುವನ್ನು ಎಳೆದು ಅಪ್ಪಿಕೊಂಡರು.

"ಮತ್ತೆ ಕೇಶವ ಯಾರು?" ಅಂದರು ಮೈಕಿನವರು.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಕೇಶವನೇ ಮಾತಾಡಿದ. "ಮನೆದೇವ್ರ ಹೆಸ್ರು ಸಾ. ನಮ್ ಕಡೆ ಹೆಂಗುಸ್ರು ಗಂಡನ್ ಹೆಸ್ರು ಹೇಳಾಕಿಲ್ಲ. ನಂದೂ ಅದೇ ಹೆಸ್ರು. ನಂಗಿರೋವು ಎರ್ಡೂ ಹೆಣ್ ಮಕ್ಳು, ಗಂಡ್ ಮಗ ಎಲ್ಲಿಂದ ಬಂದ ಅಂತ ನಗಾಡ್ಕಂಡು ತಿರುಗ್ದೆ. ಕೆಂಪಂಗಿ ಮಗ ಎದುರ್ ಸೀಟಲ್ಲೇ ಅಳ್ತಾ ಕುಂತೈತೆ."

ನನ್ನ ಸೀರೆಯದೇ ಹಸಿರು ಬಣ್ಣದ ಸೀರೆ ಉಟ್ಟ ಯಾರದೋ ಸೆರಗು ಹಿಡಿದು ಮಗು ರೈಲು ಹತ್ತಿತ್ತು. ರೈಲು ಅಲುಗಿದ ಮೇಲೆ ಕೇಶವ ಮಗುವನ್ನು ಎತ್ತಿಕೊಂಡು ಹಾರಿದ್ದ. ಅವನ ಬ್ಯಾಗು ರೈಲಿನಲ್ಲೇ ಹೋಯಿತು.

"ಟೀನಾದ್ರೂ ಕುಡೀರಿ" ಅಂದರು ಮನೆಯವರು.

"ಬ್ಯಾಡಿ, ಬತ್ತೀನಿ." ನನ್ನ ಕಡೆ ನೋಡದೆ ಹೋದ.

ನಾಮಕರಣ ಮುಗಿಸಿ ಮನೆಗೆ ಬಂದ ಮೇಲೆ ನಮ್ಮ ಮನೆಯವರು ಒಂದೇ ಮಾತು ಕೇಳಿದರು. "ನಮ್ಮನೆದೇವ್ರು ತಿಮ್ಮಪ್ಪ. ಕೇಶವ ನಿನ್ ತವ್ರು ದೇವ್ರು. ಅದು ಆವಯ್ಯಂಗೆ ಹೆಂಗ್ ಗೊತ್ತು?"

ನಾನು ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ. "ಶನಿವಾರ ಬೇಲೂರಿಗೋಗಿ ಹಣ್ಣುಕಾಯಿ ಮಾಡುಸ್ಕೊಂಡ್ ಬರಾನ" ಅಂದರು.

ಬೇಲೂರಿನಲ್ಲಿ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಮನೆಯವರು ನಮ್ಮ ಮೂವರದ್ದೂ ಹೇಳಿ, "ಕೇಶವನ ಹೆಸ್ರಿಗೂ ಒಂದು" ಅಂದರು.

ಅರ್ಚಕರು ನಕ್ಕರು. "ದೇವರ ಹೆಸರಿಗೇ ಅರ್ಚನೆಯೇನಯ್ಯಾ?"

"ಇನ್ನೊಬ್ಬ ಅವ್ನೆ ಸ್ವಾಮಿ. ನಮ್ ಮಗೀಗೋಸ್ಕರ ರೈಲು ಬಿಟ್ಟೋನು."

"ಅವರ ನಕ್ಷತ್ರ?"

ಮನೆಯವರು ತಿರುಗಿ ನನ್ನನ್ನು ನೋಡಿದರು. "ನಿಂಗೊತ್ತಾ?"

ಗೊತ್ತಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಎದುರಿಗೆ ದೇವರು, ಪಕ್ಕದಲ್ಲಿ ಗಂಡ. ತಲೆ ತಗ್ಗಿಸಿ "ರೋಹಿಣಿ" ಅಂದೆ.

"ರೋಹಿಣಿಯಂತೆ ಸ್ವಾಮಿ" ಅಂದರು, ತಮಗೇ ಯಾರೋ ದೂರದ ನೆಂಟರ ಸುದ್ದಿ ತಿಳಿದ ಹಾಗೆ. ತೀರ್ಥ ತೆಗೆದುಕೊಳ್ಳುವಾಗ ನನ್ನದು ನೆಲಕ್ಕೆ ಚೆಲ್ಲಿತು. ಮನೆಯವರು ತಮ್ಮ ಅಂಗೈಯಲ್ಲಿದ್ದುದರಲ್ಲಿ ಅರ್ಧ ನನ್ನ ಅಂಗೈಗೆ ಸುರಿದರು.

ಅವತ್ತು ನಾನು ಕೂಗಿದ್ದು ಗುಡಿಯೊಳಗಿನವನನ್ನೋ, ಬಸ್ಸಿನಲ್ಲಿ ನಿಂತು ಬರುತ್ತಿದ್ದವನನ್ನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ನಾಚಿಕೆ ಹೋಗಿಲ್ಲ. ಆದರೆ ಕಲಬೆರಕೆ ಮನಸ್ಸಿನಿಂದ ಕೂಗಿದರೂ ಅವನು ಬಂದ. ಅವನಿಗೆ ಬೇಕಾದದ್ದು ನನ್ನ ಮಡಿಯಲ್ಲ, ನನ್ನ ಮಗುವಿನ ಕ್ಷೇಮ. ಅಷ್ಟು ನಂಬುತ್ತೇನೆ. ಈಗಲೂ ಬೇಲೂರಿಗೆ ಹೋದರೆ ನಮ್ಮ ಮನೆಯವರೇ ನಾಲ್ಕನೆಯ ಹೆಸರನ್ನು ನಕ್ಷತ್ರ ಸಮೇತ ಹೇಳುತ್ತಾರೆ.

ನಿಮ್ಮ ಪ್ರಾರ್ಥನೆಗೂ ಯಾವತ್ತಾದರೂ ಹೀಗೆ ಬೇರೆ ಮುಖ ಅಂಟಿಕೊಂಡಿತ್ತಾ? ಕೆಳಗೆ ಬರೆಯಿರಿ. ಹೆಸರು ಹಾಕಲೇಬೇಕೆಂದಿಲ್ಲ. ನಾನೊಬ್ಬಳೇ ಅಲ್ಲ ಅಂತ ಗೊತ್ತಾದರೆ ಸಾಕು.