ತಪ್ಪು ಹುಡುಕುವವರ ಗಾಲ್ಫ್

ಇಚಲಕರಂಜಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ನೇಯ್ದ ಬಟ್ಟೆಯನ್ನು ತಪಾಸಣೆ ಮಾಡುತ್ತಿದ್ದವರನ್ನು ನಾವೆಲ್ಲ ಮಾಮಾ ಎನ್ನುತ್ತಿದ್ದೆವು. ಬಟ್ಟೆಯ ತಾಕಾ, ಅಂದರೆ ಇಡೀ ಸುರುಳಿ, ಬಿಚ್ಚಿ ಮೇಜಿನ ಮೇಲೆ ಎಳೆಯುತ್ತ ಹೋಗುವರು. ಎಳೆ ತಪ್ಪಿದಲ್ಲಿ ಅವರ ಬೆರಳು ತಾನೇ ನಿಲ್ಲುವುದು. ‘ತಡಿ, ಇನ್ನೊಮ್ಮೆ ನೋಡೂಣು’ ಎಂದು ಕಿವಿಗೆ ಸಿಕ್ಕಿಸಿದ ಸೀಮೆಸುಣ್ಣ ತೆಗೆದು ಗೀರು ಎಳೆದರೆ ಮುಗಿಯಿತು, ನೇಯ್ದವನ ಮುಖ ಸಣ್ಣದಾಗುವುದು. ನನ್ನ ಮುಖ ಎರಡು ವರ್ಷ ಹಾಗೇ ಇತ್ತು.

ಚಹಾದ ಹೊತ್ತಿನಲ್ಲಿ ಅವರು ಮೊಬೈಲಿನಲ್ಲಿ ಗಾಲ್ಫ್ ನೋಡುತ್ತಿದ್ದರು. ಅದೂ ಯಾವಾಗಲೂ ಗೆಲ್ಲುವ ಒಬ್ಬನೇ ಆಟಗಾರನನ್ನು. ಅವನ ಚೆಂಡು ಹುಲ್ಲಿನ ಮೇಲೆ ನೆಟ್ಟಗೆ ಹೋಗುತ್ತಿತ್ತು, ಅಷ್ಟೇ. ಕೊಲ್ಲಾಪುರದ ಕುಸ್ತಿ ನೋಡಿ ಬೆಳೆದ ನಮಗೆ ಆಕಳಿಕೆ ಬರುತ್ತಿತ್ತು.

‘ಗೆಲ್ಲಾಂವ ಯಾರಂತ ಮೊದಲ ಗೊತ್ತೈತಿ. ಅದರಾಗ ಏನ್ ಮಜಾ ಐತ್ರಿ ಮಾಮಾ?’ ಎಂದೆ ಒಮ್ಮೆ.

‘ದಿನಾ ತಪ್ಪ ನೋಡಿ ನೋಡಿ ಕಣ್ಣು ದಣದಾವೋ ತಮ್ಮಾ. ಇಂವನ್ನ ನೋಡಿದ್ರ ತಣ್ಣಗಾಗ್ತಾವ’ ಎಂದು ಅದೇ ಹೊಡೆತವನ್ನು ಮತ್ತೆ ಹಚ್ಚಿದರು.

ಮೂರನೆಯ ವರ್ಷದ ಶ್ರಾವಣದಲ್ಲಿ ನನ್ನದೊಂದು ತಾಕಾ ಮೇಜಿಗೆ ಬಂತು. ಮಾಮಾ ಕೊನೆಯವರೆಗೂ ಎಳೆದರು. ಸೀಮೆಸುಣ್ಣ ಕಿವಿಯಿಂದ ಇಳಿಯಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಬಟ್ಟೆಯನ್ನು ಮತ್ತೆ ಮೊದಲಿನಿಂದ ಎಳೆಯತೊಡಗಿದರು. ನಾನು ಮೇಜಿನ ಹತ್ತಿರ ಸರಿದೆ.

‘ತಪ್ಪ ಸಿಕ್ತೇನ್ರಿ ಮಾಮಾ?’

‘ಇಲ್ಲೋ ತಮ್ಮಾ, ಒಂದೂ ಇಲ್ಲ’ ಎಂದರು, ಬಟ್ಟೆಯಿಂದ ಕಣ್ಣೆತ್ತದೆ. ಆಮೇಲೆ ಮಗ್ಗಗಳ ಸದ್ದಿಗೂ ಮೀರಿ ಕೂಗಿದರು: ‘ಮಗ್ಗ ನಿಲ್ಲಸ್ರಿ, ಬರ್ರಿ ಎಲ್ಲಾರೂ. ಇನ್ನೊಮ್ಮೆ ನೋಡೂಣು.’