ಕೋಂ ಲೇಟ್

ಪಿಳ್ಳಮ್ಮನವರು ಗಂಡನ ಹೆಸರು ಹೇಳುತ್ತಿರಲಿಲ್ಲ. ಆತ ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ, ಯಾರಾದರೂ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದರು, ಅವರು ಹೇಳಿಬಿಡಬೇಕು. ಉಳಿದಂತೆ ಬಾಯಿಗೆ ಬೀಗವೇ ಇಲ್ಲ. ಬೊಮ್ಮಸಂದ್ರದ ನಮ್ಮ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರನ್ನೇ "ನಿದ್ದೆ ಬತ್ತಾ ಇದ್ರೆ ಮಕ ತೊಳ್ಕಂಡ್ ಬಾ ಓಗು" ಎಂದು ಗದರಿಸುತ್ತಿದ್ದರು. ಕಂಪ್ಯೂಟರ್ ವಿಭಾಗದ ನನಗೆ "ಗಾಜಿನ್ ಮನೆ ಸಾಹೇಬ" ಎಂದು ಹೆಸರಿಟ್ಟಿದ್ದರು.

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇನ್ನೂ ಏಳುತ್ತಿದ್ದ ಕಾಲ. ಎಲ್ಲರಿಗೂ ಇಂಗ್ಲಿಷಿನಲ್ಲಿ ಐಡಿ ಕಾರ್ಡ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಹೆಂಗಸರ ಹೆಸರೆಲ್ಲ "ಇಂಥವರು ಕೋಂ ಇಂಥವರು" ಎಂದು ಒಂದೇ ಸಾಲಿನಲ್ಲಿದ್ದವು. ಒಡೆಯಲು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆ, ಸಾಲಿನಿಂದ ಬೇಕಾದ ತುಂಡನ್ನು ಹೆಕ್ಕಿಕೊಡುವ ಸೂತ್ರ. 'ಕೋಂ' ಹಿಂದಿನದನ್ನು ಸೂತ್ರದ ಮೊದಲ ಆವರಣ, ಅಂದರೆ ಬ್ರಾಕೆಟ್, ಹಿಡಿದು ಹೆಂಡತಿಯ ಖಾನೆಗೆ ಹಾಕಬೇಕು. ಮುಂದಿನ ಒಂದು ಪದವನ್ನು ಎರಡನೆಯ ಆವರಣ ಹಿಡಿದು ಗಂಡನ ಖಾನೆಗೆ. ಚಿಟಿಕೆ ಹೊಡೆಯುವಷ್ಟರಲ್ಲಿ ಆರುನೂರು ಹೆಸರು ಒಡೆದವು. ಮ್ಯಾನೇಜರ್ ಬೆನ್ನು ತಟ್ಟಿದರು. ನಾನು ಒಂದನ್ನೂ ತಿರುಗಿ ನೋಡಲಿಲ್ಲ.

ಕಾರ್ಡ್ ಸಿಕ್ಕ ದಿನ ಪಿಳ್ಳಮ್ಮ ಬಂದರು. ಅವರಿಗೆ ಇಂಗ್ಲಿಷ್ ಬಾರದು.

"ಅವ್ರ್ ಎಸ್ರೂ ಆಕವ್ರಂತೆ. ವಸಿ ಓದಪ್ಪ."

ನೋಡಿದೆ. ಪಟ್ಟಿಯಲ್ಲಿ "ಪಿಳ್ಳಮ್ಮ ಕೋಂ ಲೇಟ್ ಚಿಕ್ಕಮುನಿಯಪ್ಪ" ಎಂದಿತ್ತು. ನನ್ನ ಎರಡನೆಯ ಆವರಣ 'ಲೇಟ್' ಎಂಬುದನ್ನೇ ಗಂಡನೆಂದು ಹಿಡಿದಿತ್ತು. ವಿಧವೆಯರೆಲ್ಲರ ಕಾರ್ಡಿನಲ್ಲೂ ಗಂಡನ ಹೆಸರು ಲೇಟ್. ಒಪ್ಪಿಕೊಂಡರೆ ಎಲ್ಲ ಮತ್ತೆ ಮುದ್ರಿಸಬೇಕು, ತಟ್ಟಿಸಿಕೊಂಡ ಬೆನ್ನಿಗೇ ಬೈಗುಳ.

"ಚಿಕ್ಕಮುನಿಯಪ್ಪ ಅಂತಿದೆ ಅಮ್ಮ" ಎಂದುಬಿಟ್ಟೆ.

ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಇನ್ ಯಾರ್ ಕೇಳುದ್ರೂ ಇದನ್ನೇ ತೋರ್ಸುದ್ರಾಯ್ತು ಬುಡು" ಎಂದು ನಕ್ಕರು. ಅಂಥ ನಗೆಯನ್ನು ಸುಳ್ಳು ಹೇಳಿ ಗಳಿಸಿಕೊಂಡವನು ನಾನು.

ಮುಂದಿನ ತಿಂಗಳು ಆರೋಗ್ಯ ವಿಮೆಯ ಅರ್ಜಿ ತುಂಬಿಸಲು ಕ್ಯಾಂಟೀನಿಗೆ ಏಜೆಂಟ್ ಒಬ್ಬ ಬಂದಿದ್ದ. ಗಂಡನ ಹೆಸರು ಕೇಳಿದ. ಪಿಳ್ಳಮ್ಮ ಹೆಮ್ಮೆಯಿಂದ ಕಾರ್ಡ್ ಹಿಡಿದರು.

"ಏನಮ್ಮ, ನಿಮ್ಮೆಜಮಾನ್ರ ಹೆಸ್ರು ಲೇಟಾ?"

ಸಾಲು ಗೊಳ್ಳೆಂದಿತು. ಅವರು ನನ್ನ ಕಡೆ ತಿರುಗಿದರು. ಟೀ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದ ನಾನು ಹೇಳಬೇಕಾಗಿದ್ದದ್ದು ಒಂದೇ ಹೆಸರು. ತಲೆ ತಗ್ಗಿಸಿ ಟೀ ಹೀರಿದೆ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಎಲ್ಲರೂ ನಕ್ಕು ಮುಗಿಸುವವರೆಗೆ ಕಾದು, ಅವರೇ ಮೆಲ್ಲಗೆ "ಚಿಕ್ಕಮುನಿಯಪ್ಪ" ಎಂದರು.

'ಕೋಂ' ಆದಮೇಲೆ 'ಲೇಟ್' ಬಂದರೆ ದಾಟಿ ಹೋಗು ಎಂದು ಸೇರಿಸಲು ನನಗೆ ಹಿಡಿದದ್ದು ಐದು ನಿಮಿಷ. ಹೊಸ ಕಾರ್ಡ್ ಒಯ್ದಾಗ ಪಿಳ್ಳಮ್ಮ ಕೈ ಚಾಚಲಿಲ್ಲ. ಅವರು ನನ್ನೊಡನೆ ಕೊನೆಯದಾಗಿ ಆಡಿದ ಮಾತು ಇದು:

"ಇನ್ಯಾಕಪ್ಪ? ನನ್ ಬಾಯಲ್ಲೇ ಯೋಳ್ಸಾಯ್ತಲ್ಲ."