ಕಿಟಕಿಗೆ ಹೊಡೆದ ಕಂಬಳಿ

ವಿಶಾಖಪಟ್ಟಣದ ನೌಕಾಪಡೆಯ ಕನ್ನಡದವರ ಮನೆಗಳಲ್ಲಿ ಯಾವ ಹುಡುಗಿಗೆ ದಿನ ತುಂಬಿದರೂ ಮೊದಲು ಹೇಳಿಕಳಿಸುತ್ತಿದ್ದುದು ಊರಂಚಿನ ಪೆಂಡುರ್ತಿಯ ಅಕ್ಕಮ್ಮನಿಗೆ. ಹುಣಸೂರು ಕಡೆಯ ಹೆಂಗಸು. ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿಯುವುದು, ಎಲ್ಲ ಅವಳ ಕೈಯಲ್ಲೇ ಆಗಬೇಕು. ಅವಳು ಕಾದ ಕೋಣೆಗೆ ಗಾಳಿ ಬೆಳಕು ಎರಡೂ ಅಪ್ಪಣೆ ಕೇಳಿ ಬರಬೇಕಿತ್ತು. "ನನ್ನ ಬಾಣಂತಿ ಒಬ್ಬಳಾದ್ರೂ ಸೀನಿದ್ದಾಳಾ, ಹೇಳಲಿ!" ಎನ್ನುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಮಾತ್ರ ಒಂದು ಕೂಸೂ ಹುಟ್ಟಲಿಲ್ಲ.

ಗಂಡ ತಿಮ್ಮಯ್ಯ ನೌಕಾಪಡೆಯ ಹಡಗಿನಲ್ಲಿ ಎದುರು ಹಡಗಿನ ದೀಪದ ಮಿಣುಕು ನೋಡಿ ಸುದ್ದಿ ಓದುತ್ತಿದ್ದು, ನಿವೃತ್ತನಾಗಿ ಅಲ್ಲೇ ನೆಲೆ ನಿಂತವನು. ಎಡಗಣ್ಣಿನ ನೋಟ ಹೋದಾಗ ವಯಸ್ಸಾಯಿತೆಂದು ಇಬ್ಬರೂ ಸುಮ್ಮನಾಗಿದ್ದರು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಒಂದು ಬೆಳಗ್ಗೆ, "ಈ ಕಿಟಕಿ ಸರಳು ಯಾರೇ ಬಗ್ಗಿಸಿದ್ದು?" ಎಂದು ಕೇಳಿದ. ಸರಳು ನೆಟ್ಟಗೇ ಇತ್ತು. ಎಡಗಣ್ಣನ್ನು ತಿಂದ ರೋಗವೇ ಉಳಿದೊಂದು ಕಣ್ಣಿಗೂ ಬಂದಿತ್ತು.

ಊರಿನ ಡಾಕ್ಟರು ಅವರನ್ನು ವಿಜಯವಾಡದ ಒಂದು ಕಣ್ಣಾಸ್ಪತ್ರೆಗೆ ಕಳಿಸಿದರು. ಅಲ್ಲಿದ್ದ ಹೇಮಾಕ್ಷಿ ಹಾಸನದ ಹುಡುಗಿ, ಆಗಿನ್ನೂ ಓದು ಮುಗಿಸಿ ಬಂದ ಡಾಕ್ಟರು.

"ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಕೆಟ್ಟ ರಕ್ತನಾಳ ಬೆಳೆದು ಸೋರ್ತಿದೆ ಅಜ್ಜಿ. ತೋಳಿಗೆ ಒಂದು ಔಷಧಿ ಏರಿಸ್ತೀವಿ. ಅದು ಮೈಯೆಲ್ಲ ಹರಿದಾಡುತ್ತೆ, ಆದ್ರೆ ನಿದ್ದೆಯಲ್ಲಿರುತ್ತೆ. ಲೇಸರ್ ಬೆಳಕು ಬಿದ್ದ ಕಡೆ ಮಾತ್ರ ಎದ್ದು, ಆ ನಾಳ ಮುಚ್ಚುತ್ತೆ. ಸಾಸಿವೆ ಕಾಳಿನಷ್ಟು ಜಾಗ, ಅದರಾಚೆ ಬೆಳಕು ಹೋಗಲ್ಲ."

"ನಮ್ಮ ಹಡಗಲ್ಲೂ ಇಷ್ಟು ಗುರಿ ಇಡೋರು ಇರ್ಲಿಲ್ಲ ಬಿಡಮ್ಮ," ಎಂದು ತಿಮ್ಮಯ್ಯ ನಕ್ಕ.

"ಹೋದ ನೋಟ ವಾಪಸ್ ಬರಲ್ಲ ತಾತ. ಇರೋದು ಉಳಿದ್ರೆ ಗೆದ್ದಂಗೆ."

ಲೇಸರ್ ಬಿಟ್ಟದ್ದು ಒಂದೂವರೆ ನಿಮಿಷ, ನೋವೇ ಇಲ್ಲ. ಹೊರಡುವಾಗ ಹೇಮಾಕ್ಷಿ ಅಕ್ಕಮ್ಮನ ಕೈ ಹಿಡಿದು ಹೇಳಿದಳು: "ಔಷಧಿ ಇನ್ನೂ ಮೈಯಲ್ಲಿದೆ. ಐದು ದಿನ ಬಿಸಿಲು ಸೋಕಿದ್ರೆ ಚರ್ಮ ಬೆಂದುಹೋಗುತ್ತೆ. ಹಾಗಂತ ಕತ್ತಲಲ್ಲಿ ಕೂರಿಸಬೇಡಿ. ಮನೆಯೊಳಗಿನ ದೀಪದ ಬೆಳಕು ಇರಲಿ, ಒಳ್ಳೇದೇ. ದಿನಾ ಕ್ಯಾಲೆಂಡರಿನ ಗೆರೆ ನೋಡಲಿ. ಗೆರೆ ಅಳಿಸಿದಂಗೆ ಕಂಡ್ರೆ ಆ ಕ್ಷಣವೇ ಬನ್ನಿ."

"ನಿಂಗೆ ಮಕ್ಕಳೆಷ್ಟವ್ವ?"

"ಮದುವೇನೇ ಆಗಿಲ್ಲ ಅಜ್ಜಿ."

ಅಕ್ಕಮ್ಮ ತಲೆಯಾಡಿಸಿದಳು. ಯಂತ್ರದ ವಿಷಯ ಹುಡುಗಿಗೆ ಗೊತ್ತಿರಬಹುದು. ಹಸಿ ಮೈ ಕಾಯುವುದನ್ನು ಮದುವೆಯಾಗದ ಕೂಸು ಯಾರಿಗೆ ಹೇಳುತ್ತದೆ?

ಹೊತ್ತು ಮುಳುಗಿದ ಮೇಲಿನ ರೈಲಿನಲ್ಲಿ, ಅಡಿಯಿಂದ ಮುಡಿಯವರೆಗೆ ಹೊದಿಸಿ ಗಂಡನನ್ನು ಕರೆತಂದಳು. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಹೊಡೆದಳು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು, ಬಲ್ಬು ಬಿಚ್ಚಿಟ್ಟಳು. ತಲೆಗೆ ಬಟ್ಟೆ ಕಟ್ಟಲು ಹೋದಾಗ ತಿಮ್ಮಯ್ಯನಿಗೆ ನಗು ತಡೆಯಲಾಗಲಿಲ್ಲ.

"ಗಂಡೋ ಹೆಣ್ಣೋ ಅಂತಾದ್ರೂ ಹೇಳೇ, ಹೆಸರಿಡೋಣ."

"ಬಾಣಂತಿ ಬಾಯಿ ಮುಚ್ಕೊಂಡಿರಬೇಕು. ಮೆಣಸಿನ ಸಾರು ತರ್ತೀನಿ."

"ಆ ಹುಡುಗಿ ದೀಪ ಇರಲಿ ಅಂದಳಲ್ಲೇ?"

"ಅವಳು ಅಂದಳು. ಅರವತ್ತು ಬಾಣಂತನ ಮಾಡಿದೋಳು ಯಾರು, ಅವಳಾ ನಾನಾ?"

ಕತ್ತಲಲ್ಲೇ ಉಣ್ಣಿಸಿದಳು, ಕತ್ತಲಲ್ಲೇ ಕಾಲೊತ್ತಿದಳು. ಇಷ್ಟು ವರ್ಷ ಊರವರ ಮಕ್ಕಳಿಗೆ ಮಾಡಿದ ಉಪಚಾರವನ್ನೆಲ್ಲ ತನ್ನ ಮನೆಯಲ್ಲಿ ಮಾಡುವ ದಿನ ಬಂದಿತ್ತು. ಅವಳೊಳಗೆ ಎಂಥದೋ ತುಂಬಿ ಬರುತ್ತಿತ್ತು. ಗೋಡೆಯ ಕ್ಯಾಲೆಂಡರು ಎಲ್ಲಿದೆಯೆಂದು ಇಬ್ಬರಿಗೂ ಕಾಣುತ್ತಿರಲಿಲ್ಲ.

ನಡುವೆ ಒಂದು ದಿನ ತಿಮ್ಮಯ್ಯ ಅಂದ: "ಈ ಕತ್ತಲೆ ಒಳಗೆ ಇನ್ನೊಂದು ಕಪ್ಪು ಇದ್ದಂಗಿದೆ ಕಣೆ."

"ಕತ್ತಲೆ ಇನ್ನೇನು ಬೆಳ್ಳಗಿರುತ್ತಾ? ಕಣ್ಣು ಮುಚ್ಚಿ ಮಲಗ್ರಿ."

ಅವನು ಮಲಗಿದ.

ಆರನೆಯ ಬೆಳಗ್ಗೆ ಅಕ್ಕಮ್ಮ ಬಾಣಂತಿಗೆ ನೀರೆರೆಯುವಂತೆ ಹಂಡೆ ಕಾಯಿಸಿದಳು. ಆಮೇಲೆ ಬಂದು ಕಂಬಳಿ ಕಿತ್ತಳು. ಬಿಸಿಲು ಕೋಣೆಯೆಲ್ಲ ಹರಡಿತು. ಅವಳು ಗಂಡನ ಎದುರು ಬಂದು ನಿಂತಳು, ನಗುತ್ತ.

ತಿಮ್ಮಯ್ಯ ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಬೆಳಕು ಬಂತು ಕಣೆ," ಎಂದ. "ಕಿಟಕಿ ಅಂಚು ಕಾಣುತ್ತೆ. ನಿನ್ನ ಸೀರೆ ಸೆರಗು ಕಾಣುತ್ತೆ. ನೀನೆಲ್ಲಿದ್ದೀಯ?"

ಮತ್ತೆ ರೈಲು, ಮತ್ತೆ ವಿಜಯವಾಡ. ಹೇಮಾಕ್ಷಿ ಕಣ್ಣೊಳಗೆ ದೀಪ ಹಿಡಿದು ನೋಡಿದಳು. ನಟ್ಟನಡುವೆ ರಕ್ತ ಸೋರಿ ಕಟ್ಟಿಕೊಂಡಿತ್ತು. ಈ ಚಿಕಿತ್ಸೆ ಆದಮೇಲೂ ಅಪರೂಪಕ್ಕೆ ಹಾಗಾಗುತ್ತದೆ ಎಂದಳು.

"ಯಾವತ್ತಿಂದ ಹೀಗಿದೆ ತಾತ?"

"ಗೊತ್ತಾಗ್ಲಿಲ್ಲಮ್ಮ. ನಿದ್ದೆ ಜಾಸ್ತಿ ಮಾಡ್ಬಿಟ್ಟೆ," ಎಂದ ತಿಮ್ಮಯ್ಯ.

ಅಕ್ಕಮ್ಮ ತಡೆಯಲಾರದೆ ಎಲ್ಲ ಹೇಳಿದಳು: ಕಂಬಳಿ, ಬಲ್ಬು, ಆ ಕಪ್ಪಿನ ಮಾತು. "ಅವತ್ತೇ ಬಂದಿದ್ರೆ ಉಳೀತಿತ್ತಾ ತಾಯಿ?"

"ಹೇಳೋಕಾಗಲ್ಲ ಅಜ್ಜಿ. ಉಳೀದೇನೂ ಇರಬಹುದಿತ್ತು."

ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅತ್ತು ಹಗುರಾಗುತ್ತಿದ್ದಳೋ ಏನೋ. ಆ ಮಾತು ಮುಳ್ಳಿನಂತೆ ಮುರಿದು ಒಳಗೇ ಉಳಿಯಿತು. ಗಂಡನ ಕಣ್ಣಿಗಾಗಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನಿಗೆ ಹೊತ್ತ ಹರಕೆಯನ್ನೂ ಅವಳು ತೀರಿಸದೆ ಬಂದಳು. ಮೇಲೆ ಮೆಟ್ಟಿಲು ಹತ್ತಿ ಏನೆಂದು ಕೇಳುವುದು?

ಆಮೇಲೆ ಯಾರು ಕರೆದರೂ ಅಕ್ಕಮ್ಮ ಬಾಣಂತನಕ್ಕೆ ಹೋಗಲಿಲ್ಲ. ತಿಮ್ಮಯ್ಯ ಒಂದು ದಿನವೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನೆಟ್ಟಗೆ ನೋಡಿದರೆ ಹೆಂಡತಿಯ ಮುಖದ ಜಾಗದಲ್ಲಿ ಕಪ್ಪು ಕೂತಿರುತ್ತಿತ್ತು. ಕತ್ತು ತಿರುಗಿಸಿ ಗೋಡೆಯ ಕಡೆ ನೋಡಿದರೆ ಕಣ್ಣಂಚಿನಲ್ಲಿ ಅವಳು ಮಸುಕಾಗಿ ಬರುತ್ತಿದ್ದಳು. ಹಾಗಾಗಿ ಸಂಜೆ ಜಗಲಿಯ ಮೇಲೆ ಅಕ್ಕಮ್ಮ ಕೂತರೆ, ಅವನು ಮುಖ ಅತ್ತ ತಿರುಗಿಸಿಕೊಂಡೇ ಕೂರುತ್ತಿದ್ದ. ಅವಳು ಅಲುಗಾಡದೆ ಕೂರುತ್ತಿದ್ದಳು.

ದಾರಿಯಲ್ಲಿ ಹೋಗುವವರು, ಪಾಪ, ಮುದುಕ ಮುದುಕಿಗೆ ಮಾತು ಬಿಟ್ಟಿದೆ ಅಂದುಕೊಳ್ಳುತ್ತಿದ್ದರು.